ಕೇತಿಲನ ಹದಿನಾಲ್ಕು ಒಳ್ಳೆಯ ತಿಂಗಳು

ಉತ್ತರದ ಹಿಮದ್ವೀಪವೊಂದರ ಗ್ರಾವಿಕ್ ಎಂಬ ಮೀನುಗಾರರ ಊರಿನಲ್ಲಿ ಕೇತಿಲನಷ್ಟು ಚುರುಕಾಗಿ ಗಾಳಕ್ಕೆ ಎರೆ ಸಿಕ್ಕಿಸುವವನು ಇನ್ನೊಬ್ಬನಿರಲಿಲ್ಲ. ಒಂದು ಹಗ್ಗಕ್ಕೆ ನಾನೂರೈವತ್ತು ಗಾಳ. ಒಂದೊಂದಕ್ಕೂ ಬಂಗುಡೆಯ ತುಂಡು ಚುಚ್ಚಿ, ಹಗ್ಗ ಸಿಕ್ಕುಗಟ್ಟದಂತೆ ಸುತ್ತುಸುತ್ತಾಗಿ ತೊಟ್ಟಿಯೊಳಗೆ ಇಳಿಸಿಟ್ಟರೆ ದೋಣಿಯವರು ನಸುಕಿನಲ್ಲಿ ಒಯ್ಯುತ್ತಿದ್ದರು. ನಲವತ್ತು ವರ್ಷ ಇದೇ ಕೆಲಸ, ಬಂದರಿನ ಅಂಚಿನ ಅದೇ ತಗಡಿನ ಶೆಡ್ಡು, ಪಕ್ಕದಲ್ಲಿ ನಿಂತು ವಟಗುಟ್ಟುವ ಅದೇ ಹಿಲ್ಮಿರ್. ಹಿಲ್ಮಿರ್ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ. ಕೇತಿಲ್ ಹೂಂ ಎನ್ನುತ್ತಿದ್ದ, ಅದೂ ಮನಸ್ಸು ಬಂದರೆ.

ಮಾತಾಡದವರನ್ನು ಜನ ಒಳ್ಳೆಯವರೆಂದೇ ಲೆಕ್ಕ ಹಾಕುತ್ತಾರೆ. ಕೇತಿಲ್ ಒಳ್ಳೆಯವನೇ, ಸುಳ್ಳಲ್ಲ. ನೆರೆಯವರ ಮನೆಯ ಮುಂದಿನ ಹಿಮವನ್ನು ಹೇಳದೆ ಕೇಳದೆ ಸಲಿಕೆಯಿಂದ ಎತ್ತಿಹಾಕಿ ಬರುತ್ತಿದ್ದ. ಆದರೆ ಅವನ ಮೌನದಲ್ಲಿ ಅರ್ಧ ಸಂಕೋಚವಿದ್ದರೆ ಇನ್ನರ್ಧ ಅಪ್ಪಟ ಪುಕ್ಕಲುತನ. ಇದನ್ನು ಮುಚ್ಚಿಟ್ಟು ಅವನ ಕತೆ ಹೇಳಲು ಬರುವುದಿಲ್ಲ.

ಅರವತ್ತಮೂರನೆಯ ವಯಸ್ಸಿನಲ್ಲಿ ಬೆನ್ನುನೋವು ಶುರುವಾಯಿತು. ದಿನವಿಡೀ ನಿಂತು ದುಡಿಯುವವನಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ ಎಂದು ಸುಮ್ಮನಿದ್ದ. ಪ್ಯಾಂಟು ಸೊಂಟದಲ್ಲಿ ನಿಲ್ಲದಾದಾಗ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡ. ಮೂರನೆಯ ತೂತಿನ ಹೊತ್ತಿಗೆ ಕಣ್ಣು ಹಳದಿಯಾಗಿತ್ತು. ಹಿಲ್ಮಿರ್ ಬೈದು ವಿಮಾನ ಹತ್ತಿಸಿದ. ರಾಜಧಾನಿಯ ಆಸ್ಪತ್ರೆಯಲ್ಲಿ ಹೇಳಿದರು: ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರಿಗೂ ಹರಡಿದೆ, ಕೊಯ್ದು ತೆಗೆಯುವ ಹಂತ ಕಳೆದುಹೋಗಿದೆ.

ಆರು ತಿಂಗಳು ರಕ್ತನಾಳಕ್ಕೆ ಔಷಧಿ ಇಳಿಸಿದರು. ಅದರಲ್ಲೊಂದು ಔಷಧಿಗೂ ಚಳಿಗೂ ಆಗದು. ಬಾಗಿಲ ಹಿಡಿ ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದಂತೆ, ತಣ್ಣೀರು ಕುಡಿದರೆ ಗಂಟಲಿಗೆ ಗಾಜು ಸಿಕ್ಕಿದಂತೆ. ಅರೆಬರೆ ಹೆಪ್ಪುಗಟ್ಟಿದ ಮೀನಿನಲ್ಲೇ ಬದುಕು ಕಳೆದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕೆ? ಆ ಚಳಿಗಾಲವೆಲ್ಲ ಅವನು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಕಿಟಕಿಯಲ್ಲಿ ಕುಳಿತು ದೋಣಿ ಎಣಿಸಿದ.

ಔಷಧಿ ಗಡ್ಡೆಯನ್ನು ಕುಗ್ಗಿಸಿತು. ವಸಂತದಲ್ಲಿ ಡಾಕ್ಟರ್ ಸ್ತೇನುನ್ ಅವನನ್ನು ಎದುರಿಗೆ ಕೂರಿಸಿಕೊಂಡಳು. ದಪ್ಪ ಕನ್ನಡಕದ, ನೇರ ಮಾತಿನ ಹೆಂಗಸು.

"ನಿಂಗೆ ಬಲೆ ಹೊಲಿಯೋಕೆ ಬರುತ್ತೆ ತಾನೆ?"

"ಬರುತ್ತೆ."

"ಮೈಯೊಳಗಿನ ಒಂದೊಂದು ಕಣನೂ ದಿನಾ ಹರಿಯುತ್ತೆ, ದಿನಾ ಹೊಲ್ಕೊಳ್ಳುತ್ತೆ. ಹೊಲಿಯೋಕೆ ಎರಡು ಸೂಜಿ ಅಂದ್ಕೋ. ನಿಮ್ಮ ಮನೆತನದಲ್ಲಿ ಒಂದು ಸೂಜಿ ಹುಟ್ಟಿನಿಂದಲೇ ಮೊಂಡು. ರಕ್ತ ಪರೀಕ್ಷೇಲಿ ಬಂತು. ಈ ಗಡ್ಡೆ ಹುಟ್ಟಿದ್ದೇ ಅದರಿಂದ. ಈಗ ಅದು ಉಳಿದ ಇನ್ನೊಂದು ಸೂಜೀಲಿ ತನ್ನನ್ನ ತಾನು ಹೊಲ್ಕೊಂಡು ಬದುಕ್ತಿದೆ. ಈ ಗುಳಿಗೆ ಆ ಸೂಜೀನೂ ಕಿತ್ಕೊಳ್ಳುತ್ತೆ. ಬೆಳಿಗ್ಗೆ ಎರಡು, ಸಂಜೆ ಎರಡು. ಮನೇಲೇ ನುಂಗ್ಬೋದು."

"ವಾಸಿಯಾಗುತ್ತಾ?"

"ಇಲ್ಲ. ತಡೆದು ನಿಲ್ಲಿಸುತ್ತೆ. ಕೆಲವರಿಗೆ ನಾಲ್ಕು ತಿಂಗಳು, ಕೆಲವರಿಗೆ ಎರಡು ವರ್ಷ. ನಿಂಗೆಷ್ಟು ಅಂತ ನಂಗೂ ಗೊತ್ತಿಲ್ಲ." ಅವಳು ಕನ್ನಡಕ ತೆಗೆದಿಟ್ಟಳು. "ಇನ್ನೊಂದು ಮಾತು, ಕೇತಿಲ್. ಆ ಮೊಂಡು ಸೂಜಿ ರಕ್ತಸಂಬಂಧದಲ್ಲಿ ಇಳಿದು ಬರುತ್ತೆ. ಗಂಡಸಿಂದ ಹೆಣ್ಣುಮಕ್ಕಳಿಗೂ ಹೋಗುತ್ತೆ. ಅವರಿಗೆ ಎದೆಯಲ್ಲೋ ಅಂಡಾಶಯದಲ್ಲೋ ಕಾಣಿಸ್ಕೊಳ್ಳುತ್ತೆ. ಮೊದಲೇ ಗೊತ್ತಾದ್ರೆ ಏನಾದ್ರೂ ಮಾಡ್ಬೋದು. ನಿನ್ನವರಿಗೆ ನೀನೇ ಹೇಳ್ಬೇಕು. ನಾನು ಫೋನ್ ಮಾಡೋ ಹಾಗಿಲ್ಲ."

"ಅಕ್ಕನ ಮಗ ಇದ್ದಾನೆ, ಕಾರಿ ಅಂತ," ಎಂದ ಕೇತಿಲ್. ಅವತ್ತೇ ಕಾರಿಗೆ ಫೋನ್ ಮಾಡಿದ. ಇನ್ನೊಬ್ಬಳ ಹೆಸರು ನಾಲಗೆಯ ತುದಿಯವರೆಗೂ ಬಂದಿತ್ತು. ಅದನ್ನು ನುಂಗಿಕೊಂಡು ಊರಿಗೆ ಬಂದ.

ಆ ಇನ್ನೊಬ್ಬಳು ಸ್ವಾಲಾ. ಮೂವತ್ತಮೂರು ವರ್ಷ, ಗ್ರಾವಿಕ್‌ನ ಆರೋಗ್ಯ ಕೇಂದ್ರದ ನರ್ಸು, ನಾಲ್ಕು ವರ್ಷದ ಊನಾಳ ತಾಯಿ. ತಂದೆಯ ಹೆಸರಿನಿಂದಲೇ ಮಕ್ಕಳನ್ನು ಗುರುತಿಸುವ ಆ ದೇಶದಲ್ಲಿ ಅವಳು ಬಾರ್ದುರನ ಮಗಳು. ಬಾರ್ದುರ್ ದೋಣಿಯ ಯಜಮಾನ. ಕೇತಿಲ್ ಎರೆ ಸಿಕ್ಕಿಸುತ್ತಿದ್ದದ್ದು ಅವನ ಹಗ್ಗಗಳಿಗೇ. ಒಂದು ಚಳಿಗಾಲ ಬಾರ್ದುರ್ ದೊಡ್ಡ ಹಡಗಿನಲ್ಲಿ ನಾರ್ವೆಯ ಆಚೆ ಮೂರು ತಿಂಗಳು ಹೋಗಿದ್ದ. ಅವನ ಹೆಂಡತಿ ಆಲ್ದಿಸ್‌ಳ ಮನೆಯ ಕೊಳಾಯಿ ಒಡೆದಿತ್ತು, ಕೇತಿಲ್ ಸರಿಮಾಡಲು ಹೋಗಿದ್ದ. ಸರಿಮಾಡಿದ ಮೇಲೂ ಹೋಗುತ್ತಿದ್ದ. ಬಾರ್ದುರ್ ಬಂದ ದಿನ ಎಲ್ಲ ನಿಂತಿತು. ಮಗು ಹುಟ್ಟಿದಾಗ ಬಾರ್ದುರ್ ಇಡೀ ಬಂದರಿಗೆ ಕಾಫಿ, ಕೇಕು ಹಂಚಿದ. ಕೇತಿಲ್ ಒಂದು ತುಂಡು ತಿಂದು ಮತ್ತೆ ಗಾಳ ಹಿಡಿದ. ಮಗುವಿಗೆ ಆರು ವರ್ಷವಾದಾಗ ಬಾರ್ದುರನ ದೋಣಿ ಮುಳುಗಿತು. ಹೆಣ ಸಿಗಲಿಲ್ಲ.

ಇಷ್ಟು ಆದದ್ದು. ಪ್ರೀತಿಯಿತ್ತೋ ಎಂದು ಕೇಳಿದರೆ ಇತ್ತು. ಆಮೇಲೆ ಅವನು ಯಾರನ್ನೂ ಮದುವೆಯಾಗಲಿಲ್ಲ, ಅದರಲ್ಲೇ ಗೊತ್ತಾಗುವುದಿಲ್ಲವೇ.

ಗುಳಿಗೆ ಶುರುವಾದ ಮೇಲೆ ತಿಂಗಳಿಗೊಮ್ಮೆ ರಕ್ತ ಕೊಡಬೇಕಿತ್ತು. ರಕ್ತ ತೆಗೆಯುವವಳು ಸ್ವಾಲಾಳೇ. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುವ ಊರು.

"ಕೇತಿಲ್, ತೋಳು ಕೊಡು. ಎಷ್ಟು ಗಟ್ಟಿ ನರ ನಿಂದು! ಸೂಜಿ ಹೆದರ್ಕೊಳ್ಳುತ್ತೆ," ಎನ್ನುತ್ತಿದ್ದಳು. "ಊಟ ಸೇರ್ತಿದೆಯಾ?"

"ಕಾಫಿ ತಗಡು ನೆಕ್ಕಿದ ಹಾಗಾಗುತ್ತೆ."

"ಗುಳಿಗೇದು ಅದು. ಊಟದ ಜೊತೆ ಆ ಜೀರ್ಣದ ಕ್ಯಾಪ್ಸೂಲ್ ಮರೀಬೇಡ, ಇಲ್ಲಾಂದ್ರೆ ತಿಂದಿದ್ದು ಮೈಗೆ ಹತ್ತಲ್ಲ."

ತೋಳಿಗೆ ಪಟ್ಟಿ ಬಿಗಿಯುವಾಗ ಅವಳು ಕೆಳದುಟಿ ಕಚ್ಚುತ್ತಿದ್ದಳು. ಕೇತಿಲನ ಅಕ್ಕ ಸೂಜಿಗೆ ದಾರ ಪೋಣಿಸುವಾಗ ಹೀಗೇ ಕಚ್ಚುತ್ತಿದ್ದಳು. ಆ ಅಕ್ಕ ನಲವತ್ತೊಂದಕ್ಕೆ ಎದೆಯ ಕ್ಯಾನ್ಸರಿನಲ್ಲಿ ಹೋದಳು. ಕೇತಿಲ್ ತಲೆ ತಿರುಗಿಸಿ ಗೋಡೆ ನೋಡುತ್ತಿದ್ದ. ಸೂಜಿಗೆ ಹೆದರುತ್ತಾನೆಂದು ಸ್ವಾಲಾ ನಗುತ್ತಿದ್ದಳು.

ಗುಳಿಗೆ ಕೆಲಸ ಮಾಡಿತು. ಮೊದಮೊದಲು ವಾಂತಿ, ಮೆಟ್ಟಿಲು ಹತ್ತಿದರೆ ಏದುಸಿರು, ಒಮ್ಮೆ ರಕ್ತ ಕಡಿಮೆಯಾಗಿ ಎರಡು ವಾರ ಗುಳಿಗೆ ನಿಲ್ಲಿಸಿ ರಕ್ತ ಏರಿಸಿದರು. ಆಮೇಲೆ ಮೈ ಒಗ್ಗಿತು. ಬೆರಳಿನ ಜೋಮು ಪೂರ್ತಿ ಹೋಗದಿದ್ದರೂ ಚಳಿ ಮುಟ್ಟಿದರೆ ಮೊದಲಿನಂತೆ ಚುಚ್ಚುತ್ತಿರಲಿಲ್ಲ. ಒಂದು ಬೆಳಿಗ್ಗೆ ಕೇತಿಲ್ ಶೆಡ್ಡಿಗೆ ಬಂದು ಏಪ್ರನ್ ಕಟ್ಟಿಕೊಂಡು ನಿಂತಾಗ ಹಿಲ್ಮಿರ್ ರೇಡಿಯೋ ಆರಿಸಿದ. ಆ ಶೆಡ್ಡಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

"ಲೋ, ಗುಳಿಗೆ ನುಂಗಿ ಮದುಮಗನ ಕಳೆ ಬಂದಿದೆಯಲ್ಲೋ! ಹೆಣ್ಣು ನೋಡ್ಲಾ?"

"ನಿನ್ನ ಮುಖ ನೋಡಿದ್ದೇ ಸಾಕು. ಎರೆ ಕೊಡು."

ಅವತ್ತು ನಾನೂರೈವತ್ತು ಗಾಳ ಮುಗಿಸಲು ಮೊದಲಿನ ಎರಡರಷ್ಟು ಹೊತ್ತು ಹಿಡಿಯಿತು. ಮುಗಿಸಿದ. ತೊಟ್ಟಿಯ ಮುಂದೆ ನಿಂತು ಅವನು ಮೂಗು ಒರೆಸಿಕೊಂಡದ್ದನ್ನು ಹಿಲ್ಮಿರ್ ನೋಡಿಯೂ ನೋಡದವನಂತೆ ಇದ್ದ.

ಎರಡನೆಯ ತಿಂಗಳು ರಕ್ತ ಕೊಡಲು ಹೋದಾಗ ಕೇತಿಲ್ ಧೈರ್ಯ ಮಾಡಿ ಒಂದು ಮಾತು ಎತ್ತಿದ.

"ಈ ಮನೆತನದ ಪರೀಕ್ಷೆ ಇದೆಯಲ್ಲ, ಅದನ್ನ ಯಾರು ಬೇಕಾದ್ರೂ ಮಾಡಿಸ್ಬೋದಾ?"

"ಕೇಳಿದವರಿಗೆಲ್ಲ ಮಾಡ್ತಾರೆ. ಯಾಕೆ, ಕಾರಿ ಮಾಡಿಸಿದ್ನಲ್ಲ?"

"ಅವನಿಗಿಲ್ಲ. ನೀನು... ನೀನು ಮಾಡಿಸ್ಕೊಂಡಿದೀಯಾ?"

ಸ್ವಾಲಾ ನಕ್ಕಳು. "ನಂಗ್ಯಾಕೋ ಮಾರಾಯ? ನಮ್ಮಪ್ಪನ ಕಡೆಯವರು ಹಾಸಿಗೆ ಮೇಲೆ ಸತ್ತಿದ್ದೇ ಇಲ್ಲ. ಎಲ್ಲರನ್ನೂ ಸಮುದ್ರವೇ ತಗೊಂಡಿದ್ದು."

ಕೇತಿಲ್ ತೋಳಿನ ಹತ್ತಿಯನ್ನು ಒತ್ತಿಕೊಂಡು ಎದ್ದುಬಂದ. ಆ ಸಂಜೆ ಆಲ್ದಿಸ್‌ಳ ಬಾಗಿಲು ತಟ್ಟಿದ. ಮೂವತ್ತಮೂರು ವರ್ಷಗಳಲ್ಲಿ ಒಬ್ಬನೇ ಆ ಹೊಸ್ತಿಲು ತುಳಿದದ್ದು ಅದೇ ಮೊದಲು.

ಆಲ್ದಿಸ್ ರೈ ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು. ಅವನು ನಿಂತೇ ಹೇಳಿದ. ಅವಳು ಚಾಕು ಕೆಳಗಿಡದೆ ಕೇಳಿದಳು.

"ಅರ್ಧಕ್ಕರ್ಧ ಸಂಭವ ಅಂದ್ರೆ ಇಲ್ದೇನೂ ಇರ್ಬೋದು," ಎಂದಳು.

"ಇದ್ರೆ?"

"ಕೇತಿಲ್, ನನ್ನ ಗಂಡನ್ನ ಹೂಳೋಕೆ ಒಂದು ಮೂಳೆನೂ ಸಿಗ್ಲಿಲ್ಲ. ಉಳಿದಿದ್ದು ಅವನ ಹೆಸರೊಂದೇ. ಅದು ಅವಳ ಹೆಸರಲ್ಲಿದೆ. ಅದನ್ನೂ ಕಿತ್ಕೊಳ್ತೀಯಾ?"

"ಅವಳ ಜೀವದ ಪ್ರಶ್ನೆ, ಆಲ್ದಿಸ್."

"ನಾನೇ ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ. ಇಷ್ಟು ವರ್ಷ ಬಿಡದೋನು ಈಗೇನು ಅವಸರ? ನೋಡು, ಗುಳಿಗೆಯಲ್ಲಿ ಚೆನ್ನಾಗೇ ಇದೀಯ. ಹೇಗೋ ಆಗುತ್ತೆ ಬಿಡು."

ಹೇಗೋ ಆಗುತ್ತೆ ಬಿಡು. ಆ ದೇಶದಲ್ಲಿ ಇದನ್ನು ಹಾಲು ಕುಡಿಯುವ ಮಗುವಿನಿಂದ ಹಿಡಿದು ಎಲ್ಲರೂ ಅನ್ನುತ್ತಾರೆ. ಬಿರುಗಾಳಿ ಬಂದರೆ, ಬೆಟ್ಟ ಬೆಂಕಿ ಉಗುಳಿದರೆ, ಮೀನು ಬಾರದಿದ್ದರೆ. ಹಾಗೆ ಅಂದುಕೊಳ್ಳದೆ ಆ ಕಲ್ಲುನಾಡಿನಲ್ಲಿ ಸಾವಿರ ವರ್ಷ ಬದುಕಲು ಆಗುತ್ತಿರಲಿಲ್ಲವೇನೋ. ಬಹಳ ಸಲ ಹೇಗೋ ಆಗಿಯೂ ಇದೆ. ಆದರೆ ಕೆಲವು ಕೆಲಸ ತಾನಾಗಿ ಆಗುವುದಿಲ್ಲ, ಯಾರಾದರೂ ಬಾಯಿ ತೆರೆದು ಮಾಡಬೇಕಾಗುತ್ತದೆ.

ಆಲ್ದಿಸ್ ಸಮಯ ನೋಡುತ್ತಲೇ ಇದ್ದಳು. ಕೇತಿಲ್ ಅವಳ ಸಮಯಕ್ಕೆ ಕಾದ. ಅದಕ್ಕಿಂತ ನಿಜ ಹೇಳಬೇಕೆಂದರೆ, ಕಾಯುವುದು ಅವನಿಗೆ ಹಿತವಾಗಿತ್ತು. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್, ಪ್ರತಿಸಲ ಅದೇ ಮಾತು: ಬೆಳೆದಿಲ್ಲ. ಬೆಳೆದಿಲ್ಲ ಅಂದಮೇಲೆ ನಾಳೆ ಇದೆ, ನಾಳೆ ಇದೆ ಅಂದಮೇಲೆ ಇವತ್ತೇ ಯಾಕೆ. ನಾಳೆ ಎಂದವನ ಮನೆ ಹಾಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬೇಸಿಗೆಯಲ್ಲಿ ಅವನು ಬ್ಲೂಬೆರಿ ಆರಿಸಲು ಗುಡ್ಡ ಹತ್ತಿದ. ಮೈ ಮೂರು ಕಿಲೋ ಕೂಡಿಕೊಂಡಿತು. ಶನಿವಾರ ಊನಾ ಅಮ್ಮನ ಕೈ ಬಿಡಿಸಿಕೊಂಡು ಶೆಡ್ಡಿಗೆ ನುಗ್ಗಿ ಬಂಗುಡೆಯ ಕಣ್ಣು ಮುಟ್ಟಿ ಕಿರುಚಿ ಓಡುತ್ತಿದ್ದಳು, ಮತ್ತೆ ಬರುತ್ತಿದ್ದಳು. ಕೇತಿಲ್ ಬದುಕಿನಲ್ಲೇ ಅಷ್ಟು ಸುಖವಾಗಿದ್ದದ್ದಿಲ್ಲ. ಆ ಸುಖ ಕೆಡಿಸಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ, ಅಷ್ಟೆ. ಹದಿನಾಲ್ಕು ತಿಂಗಳು ಹೀಗೆ ಹೋಯಿತು.

ಹದಿನೈದನೆಯ ತಿಂಗಳು ಬೆನ್ನುನೋವು ವಾಪಸ್ಸಾಯಿತು. ಸ್ಕ್ಯಾನಿನಲ್ಲಿ ಲಿವರಿನ ತುಂಬ ಹೊಸ ಚುಕ್ಕೆಗಳು. ಡಾಕ್ಟರ್ ಸ್ತೇನುನ್ ಫೋನಿನಲ್ಲಿ ಹೇಳಿದಳು, "ಗಡ್ಡೆ ದಾರಿ ಹುಡುಕ್ಕೊಂಡಿದೆ, ಕೇತಿಲ್. ಗುಳಿಗೆ ಇನ್ನು ಬೇಡ. ಬೇರೆ ಔಷಧಿ ಇಳಿಸಿ ನೋಡ್ಬೋದು, ಹೆಚ್ಚು ಭರವಸೆ ಕೊಡಲ್ಲ." ಅವನು ಬೇಡವೆಂದ. ಉಳಿದಿದ್ದ ಗುಳಿಗೆಗಳನ್ನು ಹಿಂತಿರುಗಿಸಲು ಆರೋಗ್ಯ ಕೇಂದ್ರಕ್ಕೆ ಹೋದ.

ಸ್ವಾಲಾಳಿಗೆ ಸುದ್ದಿ ಆಗಲೇ ತಲುಪಿತ್ತು. ಅವಳ ಕಣ್ಣು ಕೆಂಪಾಗಿತ್ತು. ಕೊನೆಯ ಸಲ ರಕ್ತ ತೆಗೆಯಬೇಕೆಂದು ತೋಳಿಗೆ ಪಟ್ಟಿ ಬಿಗಿದಳು. ಸೂಜಿ ಒಳಗೆ ಹೋಯಿತು. ಈ ಸಲ ಕೇತಿಲ್ ಗೋಡೆ ನೋಡಲಿಲ್ಲ.

"ಸ್ವಾಲಾ, ಆ ಪರೀಕ್ಷೆ ಮಾಡಿಸ್ಕೋ."

"ಮತ್ತೆ ಶುರುವಾಯ್ತಾ? ಹೇಳಿದ್ನಲ್ಲ, ನಮ್ಮಪ್ಪನ ಕಡೆ..."

"ನಿಮ್ಮಪ್ಪನ ಕಡೆಯೇ ಇರೋದು."

"ಬಾರ್ದುರ್ ಮನೆಯಲ್ಲಿ ಯಾರಿಗೂ..."

"ಬಾರ್ದುರ್ ಅಲ್ಲ."

ಸೀಸೆ ತುಂಬುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ತುಂಬಿದ ಮೇಲೆ ಸೂಜಿ ತೆಗೆದಳು, ಹತ್ತಿ ಇಟ್ಟಳು, ಸೀಸೆಗೆ ಚೀಟಿ ಅಂಟಿಸಿ ಅವನ ಹೆಸರು ಬರೆದಳು.

"ಅಮ್ಮಂಗೆ ಗೊತ್ತಾ?"

"ಗೊತ್ತು."

"ಈ ಕಾಯಿಲೆ ಮನೆತನದ್ದು ಅಂತ ನಿಂಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಒಂದು ವರ್ಷದ ಮೇಲಾಯ್ತು."

"ಪ್ರತಿ ತಿಂಗಳೂ ಇದೇ ಕುರ್ಚೀಲಿ ಕೂತ್ಕೊಂಡು ಕಾಫಿ ತಗಡಿನ ಹಾಗಿದೆ ಅಂತ ಹೇಳ್ತಿದ್ದೆ ನೀನು," ಎಂದಳು ಸ್ವಾಲಾ. "ಹೊರಗೆ ಹೋಗು."

ಏಳು ವಾರ ಅವಳು ಬರಲಿಲ್ಲ. ನೋವಿನ ಮದ್ದು ಕೊಡಲು ಪಕ್ಕದ ಊರಿನ ನರ್ಸು ಬರುತ್ತಿದ್ದಳು. ಆಲ್ದಿಸ್ ಒಮ್ಮೆ ಬಾಗಿಲವರೆಗೆ ಬಂದು, "ಮಾಡಿಟ್ಟೆಯಲ್ಲ, ತೃಪ್ತಿಯಾಯ್ತಾ? ಮಗಳು ನನ್ನ ಮುಖಾನೂ ನೋಡ್ತಿಲ್ಲ," ಎಂದು ಅತ್ತು ಹೋದಳು. ಕೇತಿಲ್ ಹಾಸಿಗೆ ಹಿಡಿದ. ಹಿಲ್ಮಿರ್ ದಿನಾ ಸಂಜೆ ಮೀನಿನ ಸಾರು ತಂದು, ಅವನು ನಾಲ್ಕು ಚಮಚ ಕುಡಿದು ಬಿಟ್ಟದ್ದನ್ನು ತಾನೇ ಕುಡಿದು, ಬಂದರಿನ ಸುದ್ದಿ ಹೇಳಿ ಹೋಗುತ್ತಿದ್ದ. ಕೇತಿಲನ ಕಿವಿ ಮಾತ್ರ ಬಾಗಿಲ ಕಡೆಗೇ. ಸಾವಿನ ಹೆದರಿಕೆ ಅವನಿಗೆ ಅಷ್ಟಿರಲಿಲ್ಲ. ಪರೀಕ್ಷೆ ಏನು ಹೇಳಿತು ಎಂದು ತಿಳಿಯದೆ ಸಾಯುವ ಹೆದರಿಕೆ ಇತ್ತು.

ಎಂಟನೆಯ ವಾರ ಒಂದು ಮಧ್ಯಾಹ್ನ ಸ್ವಾಲಾ ಬಂದಳು. ಕೋಟು ಬಿಚ್ಚಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಚೀಲದಿಂದ ಒಂದು ಫಾರಮ್ಮು ತೆಗೆದಳು.

"ನಂಗೂ ಇದೆ."

ಕೇತಿಲ್ ಕಣ್ಣು ಮುಚ್ಚಿದ.

"ಕಣ್ಣು ಬಿಡು. ಇನ್ನೂ ಮುಗಿದಿಲ್ಲ. ಎಡಗಡೆ ಎದೇಲಿ ಒಂದು ಗಂಟು ಸಿಕ್ಕಿದೆ. ಬಟಾಣಿ ಕಾಳಿನಷ್ಟು. ಮುಂದಿನ ಬುಧವಾರ ಆಪರೇಷನ್. ಬೇಗ ಸಿಕ್ತು, ಉಳ್ಕೊಳ್ತೀಯ ಅಂತಾರೆ. ಒಂದು ವರ್ಷದ ಹಿಂದೆ ಆ ಗಂಟು ಇತ್ತೋ ಇಲ್ವೋ, ಅದನ್ನ ಯಾರೂ ಹೇಳಲ್ಲ." ಅವಳು ಫಾರಮ್ಮನ್ನು ಮಡಿಲಲ್ಲಿಟ್ಟುಕೊಂಡಳು. "ನೀನು ಹೇಳ್ದೇ ಹೋಗಿದ್ರೆ ನಾನು ಸಾಯ್ತಿದ್ದೆ. ಬೇಗ ಹೇಳಿದ್ರೆ ಇದು ಬರ್ತಾನೇ ಇರ್ಲಿಲ್ವೇನೋ. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋದಾ, ಕಾಲಿಗೆ ಬೀಳೋದಾ, ಗೊತ್ತಾಗ್ತಿಲ್ಲ ನಂಗೆ."

"ಸಿಟ್ಟು ಮಾಡ್ಕೋ," ಎಂದ ಕೇತಿಲ್.

"ಮಾಡ್ಕೊಂಡೇ ಇದೀನಿ." ಅವಳು ಮೂಗು ಒರೆಸಿಕೊಂಡು ಪೆನ್ನು ತೆಗೆದಳು. "ಆಸ್ಪತ್ರೆಯವರು ತಂದೆ ಕಡೆಯವರ ಕಾಯಿಲೆ ಎಲ್ಲಾ ಬರ್ಕೊಂಡು ಬಾ ಅಂದಿದ್ದಾರೆ. ಹೇಳು. ನಿನ್ನ ಅಕ್ಕ?"

"ಎದೆ. ನಲವತ್ತೊಂದು."

"ಅಮ್ಮ?"

"ಹೊಟ್ಟೆಯೊಳಗೆ. ಅಂಡಾಶಯ ಅಂತ ಆಮೇಲೆ ಗೊತ್ತಾಯ್ತು. ನಲವತ್ತನಾಲ್ಕು. ಹಾಡ್ತಾ ಇದ್ಲು. ತುಂಬಾ ಕೆಟ್ಟದಾಗಿ. ಚರ್ಚಲ್ಲಿ ಪಾದ್ರಿ ಕೈ ಮುಗಿದು ಮೆಲ್ಲಗೆ ಹಾಡಮ್ಮ ಅಂತಿದ್ರು."

"ಕಾಯಿಲೆ ಮಾತ್ರ ಹೇಳು," ಎಂದಳು ಸ್ವಾಲಾ. ಬರೆಯುತ್ತಿದ್ದ ಪೆನ್ನು ನಿಂತಿತು. ತಲೆಯೆತ್ತದೆ ಕೇಳಿದಳು, "ಹೆಸರೇನು, ನನ್ನ ಅಜ್ಜಿದು?"

"ಥೋರ್ದಿಸ್."

"ಊನಾನೂ ಕೆಟ್ಟದಾಗೇ ಹಾಡ್ತಾಳೆ," ಎಂದಳು. ಆಮೇಲೆ ಕೋಟು ಬಿಚ್ಚಿದಳು.

ಅವತ್ತು ಅವನು ಆಡಿದಷ್ಟು ಮಾತನ್ನು ಹಿಲ್ಮಿರ್ ನಲವತ್ತು ವರ್ಷದಲ್ಲಿ ಕೇಳಿರಲಿಲ್ಲ. ಅಕ್ಕ ನೇಯುತ್ತಿದ್ದ ಸ್ವೆಟರು, ತಾತ ಕುರಿ ಹುಡುಕಲು ಹೋಗಿ ಎರಡು ದಿನ ಹಿಮದೊಳಗೆ ಬದುಕಿದ್ದು, ಮನೆತನದ ಎಲ್ಲರಿಗೂ ಎಡಗಾಲಿನ ಕಿರುಬೆರಳು ಸೊಟ್ಟ ಇರುವುದು. ಸ್ವಾಲಾ ಬೂಟು ಕಳಚಿ ತನ್ನ ಕಿರುಬೆರಳು ನೋಡಿಕೊಂಡಳು. ಅದೂ ಸೊಟ್ಟಗಿತ್ತು. ನಗು ಬಂತು, ನಗುತ್ತಲೇ ಅಳು ಬಂತು. ಅವನನ್ನು ಅಪ್ಪ ಎಂದು ಅವಳು ಕರೆಯಲಿಲ್ಲ, ಅವನು ಅದನ್ನು ಬಯಸಲೂ ಇಲ್ಲ. ಅವಳಿಗೆ ಒಬ್ಬ ಅಪ್ಪನಿದ್ದ, ಅವನು ಸಮುದ್ರದಲ್ಲಿದ್ದ.

ಆಪರೇಷನ್ ಆಗಿ ಹನ್ನೆರಡನೆಯ ದಿನ ಕೇತಿಲ್ ತೀರಿಕೊಂಡ. ಅವಳು ಆಗಿನ್ನೂ ರಾಜಧಾನಿಯಲ್ಲಿದ್ದಳು. ಗಂಟು ಪೂರ್ತಿ ಹೊರಗೆ ಬಂದಿದೆ ಎಂದು ಅವಳು ಹೇಳುವಾಗ ಹಿಲ್ಮಿರ್ ಫೋನನ್ನು ಅವನ ಕಿವಿಗೆ ಹಿಡಿದಿದ್ದ. ಅವನು ಹೂಂ ಎಂದ, ಅಷ್ಟೆ.

ಆ ನಾಡಿನಲ್ಲಿ ಎಂಥ ಬಡಪಾಯಿ ಸತ್ತರೂ ಪತ್ರಿಕೆಯಲ್ಲಿ ಅವನ ಬದುಕು ಅಚ್ಚಾಗುತ್ತದೆ. ತಂದೆ ಯಾರು, ತಾಯಿ ಯಾರು, ಸಂಗಾತಿ ಯಾರು, ಮಕ್ಕಳು ಎಷ್ಟು. ಜನ ಹವಾಮಾನ ನೋಡುವ ಮೊದಲು ಆ ಪುಟ ಓದುತ್ತಾರೆ. ಅಕ್ಕನ ಮಗ ಕಾರಿ ತನಗೆ ತಿಳಿದಷ್ಟನ್ನು ಬರೆದು ಕಳಿಸಿದ್ದ: ಕೇತಿಲ್ ಮದುವೆಯಾಗಿರಲಿಲ್ಲ, ಮಕ್ಕಳಿಲ್ಲ. ಶವಸಂಸ್ಕಾರದ ಬೆಳಿಗ್ಗೆ ಗ್ರಾವಿಕ್‌ನ ಮನೆಮನೆಯಲ್ಲೂ ಅದನ್ನು ಓದಿದರು. ಕೆಲವು ಹಿರಿಯರು ಓದಿ, ಪತ್ರಿಕೆ ಮಡಿಸಿ, ಏನೂ ಅನ್ನದೆ ಕಾಫಿ ಕುಡಿದರು. ಸಣ್ಣ ಊರಿಗೆ ಬಾಯಿ ಇಲ್ಲದಿರಬಹುದು, ಕಣ್ಣಿಲ್ಲದೆ ಇರುತ್ತದೆಯೇ.

ಚರ್ಚು ತುಂಬಿತ್ತು. ಆಲ್ದಿಸ್ ಒಳಗೆ ಬರಲಿಲ್ಲ. ಬಂದವರಿಗೆಲ್ಲ ಆಮೇಲೆ ಕಾಫಿಯ ಜೊತೆ ಕೊಡಲು ಪಕ್ಕದ ಸಭಾಮನೆಯ ಒಲೆಯ ಮುಂದೆ ನಿಂತು ತೆಳು ದೋಸೆ ಹುಯ್ಯುತ್ತಿದ್ದಳು. ಮುಂದಿನ ಬೆಂಚು ಹತ್ತಿರದ ಬಂಧುಗಳದ್ದು. ಅಲ್ಲಿ ಕಾರಿ, ಅವನ ಹೆಂಡತಿ, ಹಠ ಹಿಡಿದು ಕುಳಿತ ಹಿಲ್ಮಿರ್, ಮೂರೇ ಜನ. ಘಂಟೆ ನಿಂತ ಮೇಲೆ ಸ್ವಾಲಾ ಬಂದಳು. ಎಡತೋಳನ್ನು ಎದೆಗೆ ಒತ್ತಿಕೊಂಡು, ಬಲಗೈಯಲ್ಲಿ ಊನಾಳನ್ನು ಹಿಡಿದು, ಹಿಂದಿನ ಬೆಂಚುಗಳನ್ನೆಲ್ಲ ದಾಟಿ, ನಡುದಾರಿಯಲ್ಲಿ ನೇರ ನಡೆದು ಮುಂದಿನ ಬೆಂಚಿನಲ್ಲಿ ಕುಳಿತಳು. ಇಡೀ ಊರು ನೋಡಿತು.

ಊನಾ ಸುತ್ತಲೂ ತಿರುಗಿ ನೋಡಿ, ಮಕ್ಕಳಿಗೆ ಮಾತ್ರ ಸಾಧ್ಯವಾಗುವಷ್ಟು ಗಟ್ಟಿಯಾಗಿ ಕೇಳಿದಳು, "ಅಮ್ಮಾ, ನಾವ್ಯಾಕೆ ಇಲ್ಲಿ ಮುಂದೆ ಕೂತಿದೀವಿ?"

ಸ್ವಾಲಾ ದನಿ ತಗ್ಗಿಸಲಿಲ್ಲ.

"ಯಾಕೆ ಅಂದ್ರೆ ಕೇತಿಲ್ ನಿನ್ನ ಅಜ್ಜ, ಪುಟ್ಟಿ."